ಆರನೆಯ ಕೌದಿ

"ಮುಟ್ಬೇಡಮ್ಮ, ಮೊದ್ಲು ಕೈ ತೊಳ್ಕೊಂಡ್ ಬಾ. ಡೊನೇಷನ್ ಬಟ್ಟೆ ಅದು. ಪಾಪ, ಎಲ್ಲಾ ಕಳ್ಕೊಂಡೋರು ಹಾಕ್ಕೊಳ್ಳೋದು."

ಬಟ್ಟೆ ಸಂಗ್ರಹದ ಉಸ್ತುವಾರಿ ಹೊತ್ತಿದ್ದ ಇಂದ್ರಾಣಿ ಮೇಡಂ ಹೀಗಂದಾಗ ನನ್ನ ಅವ್ವ ಕೆಂಚವ್ವ ಅರ್ಧ ಗಂಟೆಯಿಂದ ಅದೇ ಬಟ್ಟೆಗಳನ್ನು ವಿಂಗಡಿಸುತ್ತಿದ್ದಳು. ಎದ್ದುಹೋಗಿ, ಕಾರು ತೊಳೆಯುವ ನಲ್ಲಿಯಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳದೆ ಗಾಳಿಯಲ್ಲಿ ಒಣಗಿಸಿಕೊಂಡು ಬಂದು ಕೂತಳು.

ಜೆ.ಪಿ. ನಗರದ ಆ ಅಪಾರ್ಟ್‌ಮೆಂಟಿನಲ್ಲಿ ನಾನು ಹೌಸ್‌ಕೀಪಿಂಗ್ ಕೆಲಸದವಳು. ಡಿಸೆಂಬರ್ ಮೊದಲ ವಾರ ಪೂರ್ವ ಕರಾವಳಿಗೆ ಚಂಡಮಾರುತ ಬಡಿದಿತ್ತು. ಎರಡೇ ದಿನಕ್ಕೆ ಬೇಸ್‌ಮೆಂಟಿನಲ್ಲಿ ಎದೆಯೆತ್ತರ ಬಟ್ಟೆ ಬಿದ್ದಿತು. ಝಿಪ್ಪು ಕಿತ್ತ ಜೀನ್ಸು, ಒಂಟಿ ಕಾಲುಚೀಲ, ಪಾರ್ಟಿ ಗೌನು, ಯಾವುದೋ ಮಗು ಫ್ಯಾನ್ಸಿ ಡ್ರೆಸ್ಸಿಗೆ ಕಟ್ಟಿದ್ದ ನವಿಲಿನ ರೆಕ್ಕೆ. ವಿಂಗಡಿಸಲು ಇನ್ನೊಬ್ಬಳು ಬೇಕೆಂದರು, ಅವ್ವನನ್ನು ಕರೆತಂದಿದ್ದೆ. ಲಾರಿ ಮಾತ್ರ ಇಪ್ಪತ್ನಾಲ್ಕನೇ ತಾರೀಖು ಹೊರಡುವುದೆಂದು ಗೊತ್ತಾಗಿತ್ತು. ಅಂದು ಸಂಜೆ ಕ್ರಿಸ್‌ಮಸ್ ಪಾರ್ಟಿ; ಎಲ್ಲರೂ ಸೇರಿರುತ್ತಾರೆ, ಫೋಟೋ ಚೆನ್ನಾಗಿ ಬರುತ್ತದೆ.

ಹರಿದ ಬಟ್ಟೆಯ ರಾಶಿಯನ್ನು ಮೇಡಂ ಕಸದ ಗಾಡಿಗೆ ಹಾಕಿಸಲು ಹೊರಟಾಗ ಅವ್ವ ಅಡ್ಡ ಬಂದಳು. "ಒಗೀಬ್ಯಾಡ್ರೀ ಬಾಯಾರ. ಚಿಂದಿ ಕೂಡಿಸಿ ಹೊದಿಯಾಕ ಕೌದಿ ಹೊಲೀತೀನ್ರಿ. ಅಲ್ಲಿ ಕೂಸುಗಳು ನೆಲದ ಮ್ಯಾಲೆ ಮಲಗಿರ್ತಾವು."

ಮೇಡಂಗೆ ಬಹಳ ಖುಷಿಯಾಯಿತು. ಸಖತ್ ಐಡಿಯಾ ಅಂದರು, ಅವ್ವನ ಕೈಯ ಫೋಟೋ ತೆಗೆದರು. ಮಕ್ಕಳ ಅಳತೆಯ ಐದು ಕೌದಿಯಾದರೂ ಆಗಲಿ, ಇದು ಸೇವೆ ಅಂದರು. ಆಗ ನಾನು ಬಾಯಿ ಬಿಟ್ಟೆ. ಅದೇ ಗಾಳಿಮಳೆ ಅಂಜನಾಪುರದ ನಮ್ಮ ಶೆಡ್ಡಿನ ತಗಡನ್ನೂ ಎತ್ತಿಕೊಂಡು ಹೋಗಿತ್ತು. ಊರಿಂದ ತಂದ ಎರಡು ಕೌದಿ ಚರಂಡಿ ನೀರಿನಲ್ಲಿ ನೆನೆದು ಬೂಷ್ಟು ಹಿಡಿದಿದ್ದವು. ನನ್ನ ಮಗಳು ಮಧುಮತಿ ಆರು ವರ್ಷದವಳು. ಯಾರದೋ ಹುಟ್ಟುಹಬ್ಬದ ಫ್ಲೆಕ್ಸನ್ನು ಮಡಚಿ ಹೊದ್ದು ಮಲಗುತ್ತಿದ್ದಳು, ಮಗ್ಗುಲು ಬದಲಿಸಿದಾಗಲೆಲ್ಲ ಅದು ಪರಪರ ಅನ್ನುತ್ತಿತ್ತು. ಕೆಮ್ಮು ಎದೆಗೆ ಇಳಿದಿತ್ತು.

ಮೇಡಂ ಪೂರ್ತಿ ಕೇಳಿಸಿಕೊಂಡರು. "ನಿಮ್ದು ಬರೀ ಸೋರೋದು ಶೈಲಶ್ರೀ. ಅವ್ರದು ಮನೇನೇ ಕೊಚ್ಕೊಂಡ್ ಹೋಗಿದೆ. ಕಂಪೇರ್ ಮಾಡ್ಬಾರ್ದು." ಆಮೇಲೆ ಏನನ್ನಿಸಿತೋ, ಐದಾಗಲಿ, ಆರನೆಯದು ನಿನ್ನ ಮಗಳಿಗೆ ಅಂದರು.

ಅವ್ವ ಪಂಪ್ ರೂಮಿನ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತಳು. ಕೆಲಸದ ನಡುವೆ ನಾನೂ ಹೋಗಿ ನಾಲ್ಕು ಸಾಲು ಹಾಕಿ ಬರುತ್ತಿದ್ದೆ. ಅಂಚಿನಿಂದ ಶುರುವಾದ ಹೊಲಿಗೆ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬೇಕು. ಮನೆಗೆ ಹೋದರೆ ಮಧು ದಿನಾ ಅಜ್ಜಿಯನ್ನು ಕೇಳುವಳು, "ಆಯಿ, ನಂದು ಎಷ್ಟನೇದು?" ಅವ್ವ ಬೆರಳು ಎಣಿಸಿ ತೋರಿಸುವಳು. ಸೂಜಿ ಚುಚ್ಚಿ ಚುಚ್ಚಿ ಆ ಬೆರಳಿನ ತುದಿ ಜರಡಿಯಾಗಿತ್ತು.

ಕೌದಿ ಮುಗಿಯುವಾಗ ನಮ್ಮ ಹುನಗುಂದದ ಮನೆಯಲ್ಲಿ ಒಂದು ಪದ್ಧತಿ. ಕೊನೆಯ ಹೊಲಿಗೆಗೆ ಮುಂಚೆ ನಡುವೆ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಟ್ಟು ಮುಚ್ಚುತ್ತಾರೆ. ಅವ್ವ ನನ್ನ ಡಬ್ಬಿಯಿಂದಲೇ ರೊಟ್ಟಿ ಮುರಿದುಕೊಂಡಳು.

"ಇಲ್ಲೆಲ್ಲಾ ಯಾಕವ್ವಾ, ಅವರಿಗೇನ ಗೊತ್ತಾಗ್ತೈತಿ" ಅಂದೆ.

"ಗೊತ್ತಾಗೂದು ಬ್ಯಾಡ. ಖಾಲಿ ಹೊಟ್ಟೀಲೆ ಕೌದಿ ಕೊಡಬಾರ್ದು. ಅದು ಹಸದಿದ್ರ ಹೊತಗೊಂಡ ಕೂಸೂ ಹಸೀತೈತಿ."

ಇಪ್ಪತ್ನಾಲ್ಕರ ಸಂಜೆ ಮತ್ತೆ ತುಂತುರು ಹಿಡಿದಿತ್ತು. ಗೇಟಿನೊಳಗೆ ಲಾರಿ ಬಂದು ನಿಂತಿತ್ತು, ಮುಂದೆ ಬ್ಯಾನರು, ಲಾಬಿಯಲ್ಲಿ ದೀಪದ ಮರ. ಎಲ್ಲರ ತಲೆಯ ಮೇಲೂ ಕೆಂಪು ಟೋಪಿ. ಆರೂ ಕೌದಿ ಮೇಜಿನ ಮೇಲಿದ್ದವು. ನಮ್ಮದೊಂದನ್ನು ಫೋಟೋ ಆದಮೇಲೆ ಒಯ್ಯಿರಿ ಎಂದಿದ್ದರು.

ಅಸೋಸಿಯೇಷನ್ನಿನ ಸೆಕ್ರೆಟರಿ ಅನಂತರಾಮು ಒಂದನ್ನು ಕೈಗೆತ್ತಿಕೊಂಡವರು ನಡುವೆ ಒತ್ತಿ ನೋಡಿದರು. ಇನ್ನೊಂದನ್ನು ಒತ್ತಿದರು.

"ಒಳಗೆ ಏನೋ ಗಂಟಿದೆಯಲ್ರೀ. ಎಲ್ಲಾದ್ರಲ್ಲೂ ಇದೆ."

ಮೂರನೇ ಫ್ಲೋರಿನವರ ಓಲೆ ಕಳೆದಿತ್ತಲ್ಲ ಎಂದು ಯಾರೋ ನೆನಪಿಸಿದರು. ಮಾಟಗೀಟ ಇರಬಹುದು, ಆ ಕಡೆಯವರು ಮಾಡ್ತಾರಂತೆ ಎಂದು ಇನ್ಯಾರೋ ಅಂದರು. ನಾನು ರೊಟ್ಟಿ ಸಾರ್, ಬರೀ ರೊಟ್ಟಿ ಎನ್ನುತ್ತಲೇ ಇದ್ದೆ. ಅಷ್ಟರಲ್ಲಿ ಸೆಕ್ಯೂರಿಟಿ ರವಿಕುಮಾರ ತೋಟದ ಕತ್ತರಿ ತಂದಿದ್ದ.

ಅವ್ವ ಕೈಮುಗಿದಳು. "ಕತ್ರಿ ಹಾಕಬ್ಯಾಡ್ರೀ ಸಾಹೇಬ್ರ, ನಾನ ಬಿಚ್ಚಿ ತೋರಸ್ತೀನ್ರಿ. ನಡಕ ಹರದ್ರ ಎಲ್ಲಾ ಸುತ್ತೂ ಬಿಚ್ಗೊಂತಾವ್ರಿ."

"ನೀನ್ ಸುಮ್ನಿರಮ್ಮ. ಕಳ್ಳಿ ಕೈಗೆ ಬೀಗದಕೈ ಕೊಟ್ಟಂಗಾಗತ್ತೆ" ಅಂದರು ಅನಂತರಾಮು.

ಮೊದಲ ಕೌದಿಯ ಹೊಟ್ಟೆ ಕತ್ತರಿಸಿದರು. ಒಣ ರೊಟ್ಟಿಯ ಚೂರು, ಕರಗಿ ಕಪ್ಪಾದ ಬೆಲ್ಲ. ನಾಲ್ಕು ಇರುವೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಎರಡನೆಯದನ್ನೂ ಕತ್ತರಿಸಿದರು. ಐದೂ ಆದವು. ಪ್ರತಿ ಸಲವೂ ರೊಟ್ಟಿಯೇ ಬಿತ್ತು.

ಇಂದ್ರಾಣಿ ಮೇಡಂ ಮುಖ ಕಿವುಚಿಕೊಂಡರು. "ಛೀ, ಎಂಜಲು ಹಾಕಿ ಹೊಲ್ದಿದಾರೆ. ಇದನ್ನ ಕಳ್ಸಿದ್ರೆ ನಮ್ ಮಾನ ಹೋಗಲ್ವಾ?" ನನ್ನ ಕಡೆ ತಿರುಗಿದರು. ಆರನೆಯದನ್ನು ಎರಡು ಬೆರಳಿನಲ್ಲಿ ಹಿಡಿದು ಚಾಚಿದರು. "ಇದನ್ನ ತಗೊಂಡು ನಿಮ್ಮಮ್ಮನ್ನ ಕರ್ಕೊಂಡ್ ಹೋಗು. ಗಲಾಟೆ ಬೇಡ, ಹಬ್ಬದ ದಿನ. ನಾಳೆಯಿಂದ ಬರ್ಬೇಡ."

ನಾನು ಕೈ ಚಾಚಿದೆ. ಈಗಲೂ ಅದನ್ನು ನೆನೆದರೆ ನನ್ನ ಕೈಯನ್ನು ಎಲ್ಲಿಡಬೇಕೋ ತಿಳಿಯುವುದಿಲ್ಲ. ಆ ಗಳಿಗೆಯಲ್ಲಿ ನನ್ನ ಕಿವಿಯಲ್ಲಿದ್ದದ್ದು ಫ್ಲೆಕ್ಸಿನ ಪರಪರ ಸದ್ದೊಂದೇ. ಕೌದಿಯನ್ನು ಎದೆಗೊತ್ತಿಕೊಂಡು ಗೇಟಿನವರೆಗೆ ನಡೆದೆ. ಅವ್ವ ಹಿಂದೆ ಬರುತ್ತಿದ್ದಾಳೆ ಅಂದುಕೊಂಡಿದ್ದೆ.

ಹಿಂದಿನಿಂದ ಹಾರನ್ ಕೇಳಿಸಿತು. ಅಷ್ಟರಲ್ಲೇ ಕೌದಿಗಳ ಬದಲು ಬಿಸ್ಕತ್ತಿನ ಡಬ್ಬಗಳ ಮುಂದೆ ಫೋಟೋ ಮುಗಿಸಿ ಲಾರಿ ಹೊರಟಿತ್ತು, ಮತ್ತೆ ನಿಂತಿತ್ತು. ಅವರು ಕಸದ ಡ್ರಮ್ಮಿಗೆ ಹಾಕಿಸಿದ್ದ ಐದೂ ಕೌದಿಯನ್ನು ಅವ್ವ ಹೊರಗೆಳೆದುಕೊಂಡು, ಹಸಿ ಸಿಮೆಂಟಿನ ಮೇಲೆ, ಲಾರಿಯ ಮುಂದೆ ಕೂತಿದ್ದಳು. ತುರುಬಿನಿಂದ ಸೂಜಿ ತೆಗೆದು ದಾರ ಪೋಣಿಸುತ್ತಿದ್ದಳು.

"ಏಯ್ ಮುದ್ಕಿ, ಸಾಯಕ್ಕೆ ನನ್ ಗಾಡೀನೇ ಬೇಕಾ?" ಡ್ರೈವರ್ ಕೂಗಿದ.

"ನನ್ ಮ್ಯಾಲೆ ಹಾಯ್ಸಲೇ ಭಾಡ್ಯಾ" ಅಂದಳು ಅವ್ವ, ತಲೆಯೆತ್ತದೆ. "ಹೊಟ್ಟಿ ಹರದ ಕೌದಿ ಹಂಗ ಬಿಟ್ಟ ಏಳಾಂಗಿಲ್ಲ ನಾ."

ಅನಂತರಾಮು ಬೈದರು. ಪೊಲೀಸರಿಗೆ ಫೋನ್ ಮಾಡ್ತೀನಿ ಅಂದರು. ರವಿಕುಮಾರ ರಟ್ಟೆಗೆ ಕೈಹಾಕಲು ಬಗ್ಗಿದವನು, ಅವ್ವನ ಕೈಯ ಸೂಜಿ ನೋಡಿ ನಿಂತ. ಕೆಂಪು ಟೋಪಿಯವರು ಮೊಬೈಲು ಎತ್ತಿ ಹಿಡಿದಿದ್ದರು.

ನಾನು ವಾಪಸು ಬಂದು ಅವಳ ಪಕ್ಕ ಕುಕ್ಕರಿಸಿದೆ. ತುಂತುರು ಹೋಗಿ ಹನಿ ದಪ್ಪವಾಗಿತ್ತು. ಏಳವ್ವಾ, ಥಂಡಿ ಆಗ್ತೈತಿ ಅಂದೆ. ಅವಳು ನನ್ನ ಎದೆಯ ಮೇಲಿನ ಕೌದಿಯನ್ನು ಒಂದು ಸಲ ನೋಡಿದಳು.

"ಡಬ್ಬ್ಯಾಗ ರೊಟ್ಟಿ ಉಳದೈತೇನು?"

ಒಂದೇ ಇತ್ತು, ಮಧುವಿಗೆಂದು ಉಳಿಸಿದ್ದು. ಅವ್ವ ಅದನ್ನು ಐದು ಚೂರು ಮಾಡಿ ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡಳು. ಮೊದಲ ಚೂರನ್ನು ಹರಿದ ಹೊಟ್ಟೆಯೊಳಗೆ ಇಟ್ಟು ಹೊಲಿಯತೊಡಗಿದಳು.

ಹಾರನ್ ನಿಲ್ಲಲಿಲ್ಲ. ಮಗಳ ಕೌದಿ ಬಿಚ್ಚಿ ಅವ್ವನ ಮೇಲೆ ಹೊದಿಸಿದೆ. ಮಗುವಿನ ಅಳತೆಯದು. ತಲೆ ಮುಚ್ಚಿದರೆ ಬೆನ್ನು ಮುಚ್ಚಲಿಲ್ಲ. ಬೆನ್ನ ಮೇಲೆ ಎಳೆದರೆ ತಲೆಯ ಮೇಲೆ ಹನಿ ಬೀಳುತ್ತಿತ್ತು. ನೋಡನೋಡುತ್ತಾ ಅದರ ಬಣ್ಣಗಳೆಲ್ಲ ಒಂದೊಂದಾಗಿ ಕಪ್ಪಾದವು.

"ಇನ್ನ ನಾಕ ಅದಾವು" ಅಂದಳು ಅವ್ವ.