ವಕೀಲರ ಕೋಟಿಗೆ ನೀಲಿ ತೋಳು

ವಕೀಲರು ತಮ್ಮ ಹೊಸ ಕೋಟನ್ನು ಟೈಲರ್ ಮಾಮನ ಮೇಜಿನ ಮೇಲೆ ಹರವಿದರು. ಕೋಟು ಕಪ್ಪು, ಎಡತೋಳು ಮಾತ್ರ ಕಡುನೀಲಿ!

“ಏನ್ರೀ ಇದು? ಇದನ್ನ ತೊಟ್ಕೊಂಡು ಜಡ್ಜ್ ಮುಂದೆ ನಿಂತ್ಕೊಳ್ಲಾ?”

ಮಾಮ ಕೋಟನ್ನು ಬಾಗಿಲ ಬೆಳಕಿಗೆ ಹಿಡಿದರು. ಅವರ ಕಣ್ಣಿಗೆ ಎರಡು ತೋಳೂ ಒಂದೇ ಬಣ್ಣ. ಬ್ಯಾಂಕಿನ ಕಾವಲುಗಾರನ ನೀಲಿ ಕೋಟೂ ಜೊತೆಗೇ ಹೊಲಿಗೆಯಲ್ಲಿತ್ತು; ತೋಳು ಅದಲುಬದಲಾಗಿತ್ತು. ತಲೆ ನರೆಯುವವರೆಗೆ ಕತ್ತರಿ ಹಿಡಿದ ಮನುಷ್ಯ, ಅವಮಾನದಿಂದ ಕುಗ್ಗಿಹೋದರು.

ಸಂಜೆ ಮನೆಗೆ ಬಂದವರೇ ಹೆಂಡತಿಗೆ ಹೇಳಿದರು, “ಅಂಗಡಿ ಮುಚ್ಚಿಬಿಡ್ತೀನಿ ಕಣೇ. ಹಾಳು ಬಲ್ಬು! ಎಷ್ಟು ದೊಡ್ಡದು ಹಾಕಿದ್ರೂ ಕಣ್ಣು ಕುಕ್ಕುತ್ತೆ, ದಾರ ಮಾತ್ರ ಕಾಣಲ್ಲ.”

ಅಕ್ಕನ ಮನೆಗೆ ಬಂದಿದ್ದ ನಾದಿನಿ ನಕ್ಕಳು. ಅವಳು ಕಣ್ಣಾಸ್ಪತ್ರೆಯಲ್ಲಿ ನರ್ಸು. “ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ! ಬಲ್ಬನ್ನ ಯಾಕೆ ಬೈತೀರಿ ಭಾವ? ಪೊರೆ ಬಂದಿರಬಹುದು. ಕಣ್ಣೊಳಗಿನ ಮಸೂರ ಮಬ್ಬಾದ್ರೆ ಬಣ್ಣ ಮಾಸುತ್ತೆ, ಬೆಳಕು ಚುಚ್ಚುತ್ತೆ. ಡಾಕ್ಟರಿಗೆ ತೋರಿಸಿ.”

“ಪೊರೆ ಹಣ್ಣಾಗ್ಲಿ, ಆಮೇಲೆ ನೋಡೋಣ. ಅಲ್ಲೀವರೆಗೆ ಕಣ್ಣಿಗೆ ಜೇನುತುಪ್ಪ ಬಿಟ್ಕೋತೀನಿ.”

“ಅದೇನು ಬಾಳೆಗೊನೆನಾ, ಹಣ್ಣಾಗ್ಲಿ ಅಂತ ಕಾಯೋಕೆ? ಕೆಲಸಕ್ಕೆ ತೊಂದರೆ ಆಗ್ತಿದೆ ಅಂದ್ರೆ ಈಗ್ಲೇ ಆಪರೇಷನ್ ಮಾಡಿಸ್ಬಹುದು. ಯಾವ ಹನಿ ಹಾಕಿದ್ರೂ ಪೊರೆ ಕರಗಲ್ಲ. ಜೇನು ಗೀನು ಹಾಕ್ಕೊಂಡು ಸೋಂಕು ತಂದ್ಕೋಬೇಡಿ.”

ಮಾಮನ ದನಿ ಇಳಿಯಿತು. “ಕಣ್ಣು ಕಿತ್ತು ಹೊರಗಿಡ್ತಾರಂತಲ್ಲಮ್ಮಾ?”

“ಯಾರ್ರೀ ಹೇಳಿದ್ದು? ಕಣ್ಣು ಇದ್ದಲ್ಲೇ ಇರುತ್ತೆ. ನೋವಾಗದ ಹಾಗೆ ಔಷಧಿ ಹಾಕಿ, ಮಬ್ಬಾದ ಮಸೂರ ತೆಗೆದು ಹೊಸದು ಕೂರಿಸ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೂ ಕಳಿಸ್ತಾರೆ.”

“ನಾಳೆ ಅಂಗಡಿ ಬಾಗಿಲು ತೆಗೆದ್ರೆ ನೋಡಿ ಮತ್ತೆ! ಮೊದ್ಲು ಆಸ್ಪತ್ರೆ,” ಎಂದರು ಹೆಂಡತಿ.

ಮಾಮನಿಗೆ ಆಪರೇಷನ್ ಭಯ ಇದ್ದೇ ಇತ್ತು. ಆದರೆ ಹೊಲಿಗೆ ಬಿಟ್ಟು ಕೂರುವ ಭಯ ಅದಕ್ಕಿಂತ ದೊಡ್ಡದು. ಒಪ್ಪಿದರು.

ಡಾಕ್ಟರು ಪರೀಕ್ಷಿಸಿ ಪೊರೆಯೇ ಎಂದರು. ಮೊದಲು ಒಂದು ಕಣ್ಣಿಗೆ ಆಪರೇಷನ್, ಅದು ವಾಸಿಯಾದ ಮೇಲೆ ಇನ್ನೊಂದಕ್ಕೆ. ಸಿಗರೇಟು ಬಿಡಿ, ಸಕ್ಕರೆ ಕಾಯಿಲೆ ಹಿಡಿತದಲ್ಲಿಡಿ, ಬಿಸಿಲಲ್ಲಿ ತಂಪು ಕನ್ನಡಕ ಹಾಕಿ ಎಂದೂ ಹೇಳಿ ಕಳಿಸಿದರು.

ಎರಡೂ ಕಣ್ಣು ವಾಸಿಯಾಗಿ ಅಂಗಡಿಗೆ ಬಂದ ಮಾಮ, ಗೋಡೆಗೆ ನೇತುಹಾಕಿದ್ದ ತಮ್ಮದೇ ಹೊಲಿಗೆ ನೋಡಿ ಹೌಹಾರಿದರು. “ಅಯ್ಯೋ, ಹಾವು ಹರಿದ ಹಾಗಿದೆಯಲ್ಲ!” ಅವತ್ತೇ ಬೀದಿಯವರಿಗೆಲ್ಲ ಹೇಳಿಕಳಿಸಿದರು, “ನಾನು ಈಚೆಗೆ ಹೊಲಿದಿದ್ದನ್ನೆಲ್ಲ ತನ್ನಿ. ಬಿಚ್ಚಿ ಮತ್ತೆ ಹೊಲಿದು ಕೊಡ್ತೀನಿ. ಬಿಡಿಗಾಸೂ ಬೇಡ.”

ನಿಮ್ಮ ಮನೆಯಲ್ಲಿ ಯಾರಿಗಾದರೂ ಬಣ್ಣ ಮಾಸಿ, ಮುಖ ಮಬ್ಬಾಗಿ ಕಾಣುತ್ತಿದೆಯೇ? “ವಯಸ್ಸಾಯ್ತು ಬಿಡಿ” ಎಂದು ಸುಮ್ಮನಾಗಬೇಡಿ. ನಲವತ್ತು ದಾಟಿದವರೆಲ್ಲ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ಹೆದರುವವರಿದ್ದರೆ ಬುದ್ಧಿ ಹೇಳುತ್ತಾ ಕೂರಬೇಡಿ, ಕೈಹಿಡಿದು ಜೊತೆಗೆ ಕರೆದುಕೊಂಡು ಹೋಗಿ.