ಯಾರ ಕಡೆಯಿಂದ ಬಂತು

ಪುಟ್ಟಿಗೆ ಆಟಿಸಂ ಇದೆ ಎಂದು ವೈದ್ಯೆ ಹೇಳಿದ ಮಾತು ಇನ್ನೂ ಮನೆಯವರ ಮನಸ್ಸಿಗೆ ಸರಿಯಾಗಿ ಇಳಿದಿರಲಿಲ್ಲ, ಅಷ್ಟರಲ್ಲಿ ಎರಡೂ ಕಡೆಯವರು ತೋಳೇರಿಸಿ ನಿಂತುಬಿಟ್ಟಿದ್ದರು. ಇದು ಯಾರ ಕಡೆಯಿಂದ ಬಂತು? ತಾಯಿ ಕಡೆಯಿಂದಲೋ, ತಂದೆ ಕಡೆಯಿಂದಲೋ? ತೀರ್ಪು ಹೇಳಲು ಚಿಕ್ಕಮ್ಮನಿಗೆ ಕರೆ ಹೋಯಿತು.

ಚಿಕ್ಕಮ್ಮ ಎಂದರೆ ಪುಟ್ಟಿಯ ತಾಯಿಯ ತಂಗಿ. ಅವಳು ವಂಶವಾಹಿಗಳ ಸಂಶೋಧಕಿ. ಅವಳ ಪ್ರಯೋಗಾಲಯ ಆಟಿಸಂ ಇರುವವರಿಗಿಂತ ಹೆಚ್ಚಾಗಿ ಇಲ್ಲದವರನ್ನೇ ನೋಡುತ್ತಿತ್ತು. ಗುಂಪಿನಲ್ಲಿ ಯಾರಿಗೆ ಉಸಿರು ಕಟ್ಟಿದಂತಾಗುತ್ತದೆ, ಯಾರಿಗೆ ದಾರಿ ಬದಲಾದರೆ ದಿನವೇ ಕೆಡುತ್ತದೆ, ಯಾರು ಒಂದೇ ವಿಷಯವನ್ನು ಉಡದ ಹಾಗೆ ಹಿಡಿದು ಕೂರುತ್ತಾರೆ ಎಂದು ಸಾಮಾನ್ಯ ಜನರನ್ನೇ ಕೇಳುವುದು, ಆಮೇಲೆ ಅವಳಿಗಳನ್ನು ಹೋಲಿಸಿ ನೋಡುವುದು. ಒಂದೇ ಅಚ್ಚಿನ ಅವಳಿಗಳು ಇಂಥ ಗುಣಗಳಲ್ಲಿ ಉಳಿದ ಅವಳಿಗಳಿಗಿಂತ ಎಷ್ಟೋ ಹೆಚ್ಚು ಹೋಲುತ್ತಿದ್ದರು. ಹುಟ್ಟಿನಿಂದ ಬಂದದ್ದು ಬಹಳಷ್ಟಿದೆ ಎನ್ನುವುದು ಅಲ್ಲಿಂದಲೇ ಸ್ಪಷ್ಟ.

“ಭಾನುವಾರ ಬೇಕರಿಗೆ ಬಾ,” ಎಂದಳು ಅಕ್ಕ ಫೋನಿನಲ್ಲಿ. “ಅಡಕತ್ತರಿಯಲ್ಲಿ ಸಿಕ್ಕಿದ ಹಾಗಾಗಿದೆ ನಂಗೆ.”

ಅಕ್ಕ ಆಗ ಎರಡನೆಯ ಸಲ ಬಸುರಿ. ದನಿ ದಣಿದಿತ್ತು. ಚಿಕ್ಕಮ್ಮ ಮಾತ್ರ ನಿಶ್ಚಿಂತೆಯಾಗಿ ಹೊರಟಳು. ಉತ್ತರ ಗೊತ್ತಿರುವ ಪ್ರಶ್ನೆಗಳೆಂದರೆ ಅವಳಿಗೆ ಹಬ್ಬ.

ಬೇಕರಿ ಅಕ್ಕನ ಅತ್ತೆಯದು. ಗಿರಾಕಿಗಳ ಬಾಯಲ್ಲಿ ಆಕೆ ಬೇಕರಿಯಮ್ಮ. ಭಾನುವಾರ ಮಧ್ಯಾಹ್ನ ಅಲ್ಲಿ ಬೆಳಗಿನ ಬ್ರೆಡ್ಡೆಲ್ಲ ಖಾಲಿಯಾಗಿ, ಸಂಜೆಯ ಬನ್ನಿಗೆ ಇನ್ನೂ ಹಿಟ್ಟು ಬಿದ್ದಿರುವುದಿಲ್ಲ. ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುವ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಸೇರಿದ್ದರು. ಒಂದು ತುದಿಗೆ ಬೇಕರಿಯಮ್ಮ, ತಲೆಗೆ ಬಿಳಿ ವಸ್ತ್ರ ಬಿಗಿದು. ಇನ್ನೊಂದು ತುದಿಗೆ ಅಕ್ಕ ತಂಗಿಯರ ಅಪ್ಪ, ಬೀಗ ರಿಪೇರಿಯವರು. ಎಂಥ ಬೀಗವನ್ನಾದರೂ ಬಿಚ್ಚಿಯೇನು, ಬೀಗರ ಬಾಯಿಗೆ ಹಾಕುವ ಬೀಗ ಮಾತ್ರ ನನ್ನ ಅಂಗಡಿಯಲ್ಲಿಲ್ಲ ಎಂಬುದು ಅವರ ಜೋಕು. ಅಕ್ಕನ ಮದುವೆಯ ದಿನದಿಂದ ಅದನ್ನು ಒಂದಕ್ಷರವೂ ಬದಲಿಸದೆ ಹೇಳಿಕೊಂಡು ಬಂದಿದ್ದರು. ಅಂದೂ ಹೇಳಿ ಆಗಿತ್ತು. ಯಾರೂ ನಕ್ಕಿರಲಿಲ್ಲ.

ಜಗಳ ರಂಗೇರಿತ್ತು. ಮದುವೆಯಲ್ಲಿ ನಿಮ್ಮ ಅಣ್ಣ ಯಾರ ಮುಖವನ್ನೂ ನೋಡದೆ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದನ್ನು ಊರೇ ನೋಡಿದೆ ಎಂದು ಬೇಕರಿಯಮ್ಮ ಎತ್ತಿ ಆಡಿದರು. ನಿಮ್ಮ ತಮ್ಮ ಬದುಕಿರುವ ತನಕ ಬಿಳಿ ಬಣ್ಣದ್ದು ಬಿಟ್ಟು ಬೇರೇನೂ ತಿನ್ನಲಿಲ್ಲವಲ್ಲ, ಅದೇನು ವ್ರತವೇ ಎಂದು ಅಪ್ಪ ತಿರುಗಿಸಿ ಕೊಟ್ಟರು. ಸತ್ತವರನ್ನೂ ಬಿಡದೆ ಸಾಕ್ಷಿಗೆ ಎಳೆತಂದರು. ಭಾವ, ಎಂದರೆ ಪುಟ್ಟಿಯ ತಂದೆ, ತಗಡಿನ ತಟ್ಟೆಗಳನ್ನು ದೊಡ್ಡದರ ಮೇಲೆ ಚಿಕ್ಕದು ಬರುವಂತೆ ಜೋಡಿಸುತ್ತಿದ್ದ. ಐದು ವರ್ಷದ ಪುಟ್ಟಿ ಮುಂಗೋಣೆಯ ಗಾಜಿನ ಕಪಾಟಿಗೆ ಮೂಗು ಒತ್ತಿ ನಿಂತಿದ್ದಳು. ರೈಲು ನಿಲ್ದಾಣದ ಧ್ವನಿವರ್ಧಕದಿಂದ ಕಲಿತದ್ದೇ ಅವಳ ಭಾಷೆ. “ಪ್ರಯಾಣಿಕರ ಗಮನಕ್ಕೆ,” ಎಂದಳೆಂದರೆ ಬಾಯಾರಿದೆ ಎಂದರ್ಥ. ಭಾವ ಎದ್ದುಹೋಗಿ ನೀರು ಕೊಟ್ಟು ಬಂದ.

“ಸರಿಯಮ್ಮ, ಓದಿದವಳು ನೀನು. ಹೇಳು, ಯಾರ ಕಡೆಯಿಂದ?” ಎಂದರು ಬೇಕರಿಯಮ್ಮ.

“ಎರಡೂ ಕಡೆಯಿಂದ.”

“ಇದು ಸಂಧಾನದ ಮಾತಾಯ್ತು.”

“ಸಂಧಾನ ಅಲ್ಲ ಅತ್ತೆ, ಇರೋದೇ ಹಾಗೆ,” ಎಂದು ಚಿಕ್ಕಮ್ಮ ಮೇಜಿನ ಮೇಲೆ ಉಳಿದಿದ್ದ ಹಿಟ್ಟಿನ ಪುಡಿಯನ್ನು ಬೆರಳಿನಿಂದ ಹರಡಿದಳು. ಎತ್ತರಕ್ಕೆ ಹೇಗೆ ಒಂದೇ ವಂಶವಾಹಿ ಇಲ್ಲವೋ ಹಾಗೆ ಇದಕ್ಕೂ ಇಲ್ಲ. ಕೆಲವು ಮಕ್ಕಳಲ್ಲಿ ಒಂದೇ ದೊಡ್ಡ ಬದಲಾವಣೆ ಸಿಗುವುದುಂಟು, ಪುಟ್ಟಿಯ ವಂಶವಾಹಿ ಪರೀಕ್ಷೆಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಉಳಿದಂತೆ ಸಾವಿರಾರು ಸಣ್ಣ ಸಣ್ಣ ವ್ಯತ್ಯಾಸಗಳು, ಒಂದೊಂದೂ ಹಿಟ್ಟಿನ ಕಣದಷ್ಟು ಹಗುರ. ಅವು ಎಲ್ಲರಲ್ಲೂ ಚದುರಿಕೊಂಡಿವೆ, ಒಬ್ಬರಲ್ಲಿ ಹೆಚ್ಚು, ಒಬ್ಬರಲ್ಲಿ ಕಡಿಮೆ. ಇಲ್ಲಿಂದಾಚೆ ಆಟಿಸಂ, ಈಚೆ ಸರಿ ಎಂದು ಪ್ರಕೃತಿ ಬೇಲಿ ಹಾಕಿಟ್ಟಿಲ್ಲ. ಬದುಕಿಗೆ ತೊಡಕಾಗುವಷ್ಟು ಒಂದೆಡೆ ಕೂಡಿದಾಗ ವೈದ್ಯರು ಆ ಹೆಸರಿಡುತ್ತಾರೆ.

ಬೇಕರಿಯಮ್ಮನಿಗೆ ನಂಬಿಕೆ ಹುಟ್ಟಿದಂತೆ ಕಾಣಲಿಲ್ಲ. ಚಿಕ್ಕಮ್ಮ ಬೇರೆ ದಾರಿ ಹಿಡಿದಳು. ಪ್ರಯೋಗಾಲಯದಲ್ಲಿ ಕೇಳುವಂಥದ್ದನ್ನೇ ಕೇಳುತ್ತೇನೆ, ಹೌದು ಎನ್ನುವವರು ಕೈ ಎತ್ತಿ ಎಂದಳು. ಹೊಸ ಅಂಗಿಯ ಕೊರಳಿನ ಒಳಗೆ ಹೊಲಿದ ಚೀಟಿ ಕತ್ತರಿಸದೆ ಹಾಕಿಕೊಳ್ಳಲಾಗದವರು ಯಾರು? ಅಪ್ಪನ ಕೈ ಮೇಲೆ ಹೋಯಿತು, ಭಾವನದೂ. ತಮ್ಮ ಕುರ್ಚಿಯಲ್ಲಿ ಬೇರೆಯವರು ಕೂತರೆ ಊಟ ಸೇರದವರು? ಮತ್ತೆ ಅಪ್ಪ. ಮಾತಾಡುವಾಗ ಎದುರಿನವರ ಕಣ್ಣಿಗಿಂತ ಹಣೆಯನ್ನು ನೋಡುವುದು ಸುಲಭ ಎನ್ನುವವರು? ಈ ಸಲ ಅಕ್ಕನೇ ಕೈ ಎತ್ತಿ, ಗಂಡ ತನ್ನನ್ನು ನೋಡಿದ್ದಕ್ಕೆ ನಕ್ಕಳು. ಚಿಕ್ಕಮ್ಮ ಮಾತ್ರ ಪ್ರತಿಯೊಂದಕ್ಕೂ ಕೈ ಎತ್ತುತ್ತಲೇ ಇದ್ದಳು.

“ನಿಂದೇ ಜಾಸ್ತಿ ಇದೆಯಲ್ಲೇ,” ಎಂದರು ಅಪ್ಪ.

“ಗೊತ್ತಪ್ಪ. ಹಾಗಿರೋದ್ರಿಂದಲೇ ಒಂದೇ ಪ್ರಶ್ನೆ ಹಿಡ್ಕೊಂಡು ಇಷ್ಟು ವರ್ಷ ಕೂತಿದ್ದೀನಿ. ಆದ್ರೆ ನಮ್ಮೆಲ್ಲರಿಗೂ ಚೂರು ಚೂರು ಇದೆ ಅಂದ ಮಾತ್ರಕ್ಕೆ ಪುಟ್ಟಿ ಕಷ್ಟ ಚಿಕ್ಕದಾಗಲ್ಲ. ಅವಳಿಗೆ ಸಹಾಯ ಬೇಕು.”

ಬೇಕರಿಯಮ್ಮ ಒಂದು ಸಲವೂ ಕೈ ಎತ್ತಿರಲಿಲ್ಲ. ಎರಡೂ ಅಂಗೈ ಮೇಜಿನ ಮೇಲೆ ಊರಿ ಕೂತಿದ್ದವರು ಈಗ ಸೊಸೆಯ ಹೊಟ್ಟೆಯತ್ತ ನೋಡಿದರು. ದನಿ ತಗ್ಗಿತು. ಅಷ್ಟು ಹೊತ್ತು ಅವರು ಕೇಳಬೇಕೆಂದಿದ್ದ ಪ್ರಶ್ನೆ ಬೇರೆಯೇ ಇತ್ತು.

“ಹುಟ್ಟೋ ಮಗೂದು ನಿನ್ನ ಯಂತ್ರದಲ್ಲಿ ಈಗಲೇ ಗೊತ್ತಾಗಲ್ವಾ?”

“ಇಲ್ಲ ಅತ್ತೆ. ಸಾವಿರಾರು ಜನರನ್ನ ಒಟ್ಟಿಗೆ ನೋಡಿದ್ರೆ ಏನೋ ಹೇಳಬಹುದು. ಒಂದು ಮಗು ಹೇಗೆ ಬೆಳೆಯುತ್ತೆ ಅಂತ ಅದರಿಂದ ಹೇಳಕ್ಕಾಗಲ್ಲ. ಅಕ್ಕನಿಗೆ ಆಟಿಸಂ ಇರೋ ಮನೇಲಿ ತಮ್ಮನಿಗೋ ತಂಗಿಗೋ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ನಿಜ. ಬರದೇ ಇರೋ ಸಾಧ್ಯತೆ ಅದಕ್ಕಿಂತ ಜಾಸ್ತಿ. ಇಷ್ಟೇ ನಂಗೆ ಗೊತ್ತಿರೋದು.”

“ಬಂದ್ರೂ ನಮ್ಮದೇ ಮಗು,” ಎಂದಳು ಅಕ್ಕ.

ಬೇಕರಿಯಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಸಂಜೆಯ ಕೆಲಸಕ್ಕೆ ಬಂದ ಬೇಕರಿಯ ಆಳು ಹಿಂಬಾಗಿಲಿನಿಂದ ಒಳಗೆ ಬಂದು, ಎಂದಿನಂತೆ ಹಿಟ್ಟು ಕಲೆಸುವ ಯಂತ್ರದ ಗುಂಡಿ ಒತ್ತಿದ. ಹಳೆಯ ಯಂತ್ರ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಮುಂಗೋಣೆಯಿಂದ ಒಂದು ಚೀರು ಕೇಳಿಸಿತು. ಎಲ್ಲರೂ ಓಡಿದರು. ಪುಟ್ಟಿ ಎರಡೂ ಕಿವಿ ಮುಚ್ಚಿಕೊಂಡು ಗಾಜಿನ ಕಪಾಟಿನ ಹಿಂದಿನ ಸಂದಿಯಲ್ಲಿ ಮುದುಡಿದ್ದಳು. ಅಕ್ಕ ಬಗ್ಗಿ ಕರೆದಳು, ಭಾವ ಕೈ ಚಾಚಿದ. ಮುಟ್ಟಿದಷ್ಟೂ ಅವಳು ಗೋಡೆಗೆ ಒತ್ತಿಕೊಂಡಳು.

ಹಿಂದಿನ ಕೋಣೆಯಲ್ಲಿ ಯಂತ್ರ ನಿಂತಿತು. ನಿಲ್ಲಿಸಿ ಬಂದವರು ಬೇಕರಿಯಮ್ಮ. ಎಲ್ಲರನ್ನೂ ಪಕ್ಕಕ್ಕೆ ಸರಿಸಿ, ಭಾರದ ಮೈಯನ್ನು ನೆಲದ ಮೇಲೆ ಇಳಿಸಿ, ಮೊಮ್ಮಗಳಿಂದ ಒಂದು ಮಾರು ದೂರದಲ್ಲಿ ಕೂತರು. ಮುಟ್ಟಲಿಲ್ಲ, ಮಾತನ್ನೂ ಆಡಲಿಲ್ಲ. ತಲೆಯ ಬಿಳಿ ವಸ್ತ್ರ ಬಿಚ್ಚಿದರು. ಎರಡೂ ಕಿವಿಗಳಲ್ಲಿ ಹತ್ತಿ ತುರುಕಿತ್ತು. ಮಗನೇ ಅದನ್ನು ಮೊದಲ ಸಲ ನೋಡುತ್ತಿದ್ದ. ಸೆರಗಿನ ಗಂಟಿನಿಂದ ಹೊಸ ಹತ್ತಿ ತೆಗೆದು, ಉಂಡೆ ಮಾಡಿ, ಅಂಗೈಯಲ್ಲಿಟ್ಟು ಚಾಚಿದರು.

“ಆ ಸದ್ದು ನನಗೂ ಆಗಲ್ಲ ಕಣೇ. ಹಲ್ಲೊಳಗೆ ಗರಗಸ ಎಳೆದ ಹಾಗಾಗುತ್ತೆ. ತಗೋ.”

ಪುಟ್ಟಿ ಬಹಳ ಹೊತ್ತು ಆ ಅಂಗೈಯನ್ನೇ ನೋಡಿದಳು. ಆಮೇಲೆ ಒಂದು ಕೈ ಕಿವಿಯಿಂದ ಇಳಿಸಿ ಹತ್ತಿ ತೆಗೆದುಕೊಂಡಳು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಭಾವ ಕೇಳಿದ್ದಕ್ಕೆ ಬೇಕರಿಯಮ್ಮ, ಬೇಕರಿ ನಡೆಸುವವಳು ಯಂತ್ರಕ್ಕೆ ಹೆದರುತ್ತಾಳೆ ಅಂದರೆ ಆಳುಗಳು ನಗುವುದಿಲ್ಲವೇ ಎಂದರು. ಚಿಕ್ಕವಳಿದ್ದಾಗ ಕಿವಿ ಮುಚ್ಚಿಕೊಂಡಿದ್ದಕ್ಕೆ ಬೈಸಿಕೊಂಡಿದ್ದೇ ಬಂತು, ಯಾರೂ ಸದ್ದು ನಿಲ್ಲಿಸಿರಲಿಲ್ಲ. ಈ ಕೂಸಿಗೂ ಅದೇ ಪಾಡಾಗುತ್ತದಲ್ಲ ಎಂದು ತನಗೆ ಸಂಕಟವೇ ಹೊರತು ನಾಚಿಕೆಯಲ್ಲ. ಹಾಗೆಂದು ಚಿಕ್ಕಮ್ಮನ ಕಡೆ ತಿರುಗಿ ಕೈ ಎತ್ತಿದರು.

“ನಿನ್ನ ಪ್ರಶ್ನೆಗಳಿಗೆ ನಂದೂ ಸೇರಿಸ್ಕೋ. ಕುರ್ಚಿದು, ಹಣೆದು, ಎರಡೂ.”

ಅಪ್ಪ, ಬೀಗಿತ್ತಿ ಏಳಲೆಂದು ಕೈ ಕೊಟ್ಟರು.

ಆ ಯಂತ್ರ ಬೇಕರಿಯಿಂದ ಹೊರಬಿತ್ತು. ಮೆಲ್ಲಗೆ ಗುನುಗುವ ಹೊಸದು ಬಂತು, ಆಳುಗಳಿಗೂ ಅದೇ ಹಿತವಾಯಿತು. ಪುಟ್ಟಿಗೆ ಮಾತು ಕಲಿಸುವ ಶಿಕ್ಷಕಿ ವಾರಕ್ಕೆರಡು ಸಲ ಬರತೊಡಗಿದಳು. ಮೊದಮೊದಲು ಪುಟ್ಟಿ ಅವಳನ್ನು ಬಾಗಿಲಲ್ಲೇ ನಿಲ್ಲಿಸಿದಳು, ನಿಧಾನವಾಗಿ ಒಳಗೆ ಬಿಟ್ಟುಕೊಂಡಳು. ರೈಲಿನ ಮಾತುಗಳ ನಡುವೆ ಅವಳ ಸ್ವಂತದ ಮಾತುಗಳು ಇಣುಕಿದವು. ಬೀಗರಿಬ್ಬರ ಜಗಳವಂತೂ ನಿಲ್ಲಲಿಲ್ಲ, ದಿಕ್ಕು ಮಾತ್ರ ಬದಲಾಯಿತು. ಪುಟ್ಟಿ ಒಮ್ಮೆ ಕೇಳಿದ ಘೋಷಣೆಯನ್ನು ಇಡಿಯಾಗಿ ಒಪ್ಪಿಸಿದರೆ ಆ ನೆನಪಿನ ಶಕ್ತಿ ನಮ್ಮ ಕಡೆಯದು ಎಂದು ಅಪ್ಪ, ಅಲ್ಲ ನಮ್ಮದು ಎಂದು ಬೇಕರಿಯಮ್ಮ. ಚಿಕ್ಕಮ್ಮ ಆ ತಂಟೆಗೆ ಹೋಗಲಿಲ್ಲ.

ಅಕ್ಕನಿಗೆ ಗಂಡು ಮಗುವಾಯಿತು. ಗುಂಡುಗುಂಡನೆಯ, ಕಂಡವರಿಗೆಲ್ಲ ನಗುವ ಕೂಸು. ಮುಂದೆ ಅವನು ಹೇಗಾಗುತ್ತಾನೆ ಎಂದು ಯಾರೂ ಚಿಕ್ಕಮ್ಮನನ್ನು ಕೇಳಲಿಲ್ಲ. ಕೇಳಿದ್ದರೆ ನೋಡೋಣ ಎನ್ನಲು ಅವಳು ಸಿದ್ಧಳಿದ್ದಳು, ಅದೂ ಅಷ್ಟೇ ನಿಶ್ಚಿಂತೆಯಿಂದ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಗುವನ್ನು ಪುಟ್ಟಿಯೂ ಮಲಗುವ ದೊಡ್ಡ ಹಾಸಿಗೆಯ ಮೇಲೆ ಮಲಗಿಸಿದ್ದರು. ಪುಟ್ಟಿ ಸುತ್ತಲೂ ನಡೆದು, ಅವನ ಕಾಲು, ಕಿವಿ, ಮುಚ್ಚಿದ ಮುಷ್ಟಿ ಎಲ್ಲವನ್ನೂ ಬಗ್ಗಿ ನೋಡಿದಳು.

“ಇವನು ಯಾವಾಗ ಹೋಗ್ತಾನೆ?” ಎಂದು ಚಿಕ್ಕಮ್ಮನನ್ನು ಕೇಳಿದಳು.

“ಹೋಗಲ್ಲ ಪುಟ್ಟಿ. ಇನ್ಮೇಲೆ ಇಲ್ಲೇ ಇರ್ತಾನೆ.”

ಪುಟ್ಟಿ ಯೋಚಿಸಿದಳು. ಎಂದೂ ಯಾರಿಗೂ ಮುಟ್ಟಲು ಬಿಡದಿದ್ದ ತನ್ನ ದಿಂಬನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯ ಕಡೆಗೆ ಒಂದು ಗೇಣು ಸರಿಸಿದಳು.

“ಜಾಗ ಆಯ್ತು,” ಎಂದಳು.