ಬಚ್ಚಣ್ಣ ನನ್ನ ಮೇಲಿಟ್ಟ ಆಣೆ

ಏಳು ಕಡಲಿನ ಆಚೆ ಒಂದು ಊರಿತ್ತಂತೆ. ಆ ಊರಿನವರಿಗೆ ಲೋಹಕ್ಕೆ ಉಸಿರು ಕೊಡುವ ವಿದ್ಯೆ ಗೊತ್ತಿತ್ತಂತೆ. ಅವರು ಒಂದು ಹಿಡಿ ಬೆಂಕಿಯನ್ನು ಲೋಹದ ಹೊಟ್ಟೆಯೊಳಗೆ ಕೂರಿಸಿ, ಕಾಲಿಗೆ ಮೂರೆಸಳಿನ ಹೂವೊಂದನ್ನು ಸಿಕ್ಕಿಸಿ, "ಹೋಗು, ನೀರು ಕಂಡಲ್ಲಿ ತಿರುಗು" ಎಂದು ಕಳಿಸಿಬಿಟ್ಟರಂತೆ. ಹಾಗೆ ಹುಟ್ಟಿದವನು ನಾನು. ನಾನು ಒಂದು ಔಟ್‌ಬೋರ್ಡ್ ಎಂಜಿನ್. ದೋಣಿಯ ಹಿಂಬದಿಗೆ ಕಚ್ಚಿಕೊಂಡು, ಕಾಲನ್ನು ನೀರಿಗೆ ಇಳಿಬಿಟ್ಟು ಬದುಕುವ ಜಾತಿ.

ನನ್ನ ಸ್ವಭಾವ ಬಹಳ ಸರಳ. ಬೆಳಿಗ್ಗೆ ಎರಡು ಗುಟುಕು ಪೆಟ್ರೋಲ್ ಕೊಟ್ಟು ಹಗ್ಗ ಎಳೆದರೆ ಏಳುತ್ತೇನೆ. ಮೈ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿದರೆ ದಿನವಿಡೀ ದುಡಿಯುತ್ತೇನೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಬೇಕು. ಇಲ್ಲದಿದ್ದರೆ ಸೀಮೆಎಣ್ಣೆ ಗಂಟಲಲ್ಲೇ ಉಳಿದು ಮರುದಿನ ದನಿ ಹೊರಡುವುದಿಲ್ಲ. ನಾನು ಕೇಳಿದ್ದು ಇಷ್ಟೇ. ಈ ಮನುಷ್ಯರದ್ದು ಮಾತ್ರ ಒಂದೂ ಸರಳವಿಲ್ಲ. ನನ್ನ ಜೀವಮಾನದ ಕಿರಿಕಿರಿ ಅದು.

ನನ್ನ ಮೊದಲ ಯಜಮಾನ ಭಟ್ಕಳದ ಕಡೆಯವ. ಕೆಲವು ವರ್ಷ ದುಡಿಸಿ, ದೊಡ್ಡ ಬೋಟು ಕಟ್ಟಿಸಿದ ಮೇಲೆ ನನಗೆ ಗೋಣಿ ಹೊದಿಸಿ ಮೂಲೆಗಿಟ್ಟ. ಅಲ್ಲಿಂದ ಹೆಗಲ ಮೇಲೆ ಹೊತ್ತು ತಂದವರು ಗಂಗೊಳ್ಳಿ ಹತ್ತಿರದ ಬಚ್ಚ ಮೊಗವೀರರು. ಊರಿಗೆಲ್ಲ ಬಚ್ಚಣ್ಣ. ಹೊಳೆ ಕಡಲಿಗೆ ಸೇರುವ ಅಳಿವೆಯ ಬಾಯಲ್ಲೇ ಅವರ ಮನೆ.

ನನ್ನನ್ನು ನೀರು ತುಂಬಿದ ಡ್ರಮ್ಮಿಗೆ ಇಳಿಸಿ, ಮೊದಲ ಹಗ್ಗ ಎಳೆಯಲು ಬಚ್ಚಣ್ಣ ಹೆಂಡತಿ ಗುಲಾಬಿಯನ್ನು ಕರೆದರು. ಅವಳು ಒಂದೇ ಏಟಿಗೆ ಎಳೆದಳು. ನಾನೂ ಒಂದೇ ಏಟಿಗೆ ಎದ್ದೆ. ಆ ಖುಷಿಯಲ್ಲಿ ಅವಳು ಕೇಳಿಬಿಟ್ಟಳು.

"ಹ್ವಾಯ್, ದಿನಾ ಹೊನ್ನೆ ಮರದ ಅಡಿ ಬೋಗುಣಿ ಹಿಡ್ಕಂಡ್ ನಿಮ್ಗೆ ಕಾಯ್ತೆ ಅಲ್ದಾ. ನಾ ನಿಂತದ್ದ್ ಕಡಲಿಂದ ಕಾಂತಾ?"

"ಕಾಂದೆ ಎಂತ? ತಿರ್ಗಿ ಬಪ್ಪತಿಗೆ ಮೊದ್ಲ್ ಕಾಂಬುದೇ ನೀನ್."

"ಸುಳ್ಳ್."

"ಒಂದ್ ದಿನ ಕರ್ಕಂಡ್ ಹೋತೆ, ನೀನೇ ಕಾಣ್. ಈ ಮಿಶಿನ್ ಮೇಲ್ ಆಣಿ." ಬಚ್ಚಣ್ಣ ನನ್ನ ತಲೆಯ ಮೇಲೆ ಕೈಯಿಟ್ಟರು.

ಅಂದಿನಿಂದ ಆ ಆಣೆ ನನ್ನ ತಲೆಯ ಮೇಲೆ ಕೂತಿತು. ಮಾತು ಕೊಟ್ಟವರು ಅವರು, ಹೊತ್ತವನು ನಾನು.

ಆ ದಡದಲ್ಲಿ ಒಂದು ಕಟ್ಟಳೆ. ಬಲೆ ಇರುವ ದೋಣಿಗೆ ಹೆಂಗಸರು ಹತ್ತುವುದಿಲ್ಲ. ಕಡಲು ತಣ್ಣಗಿರುವಷ್ಟು ಕಾಲ ದೋಣಿಯಲ್ಲಿ ಬಲೆ ಇದ್ದೇ ಇರುತ್ತದೆ. ಮಳೆಗಾಲ ಬಂದು ಬಲೆ ಜಗಲಿ ಸೇರಿತೆನ್ನಿ, ಆಗ ಅಳಿವೆಯಲ್ಲಿ ಮನೆಯೆತ್ತರದ ತೆರೆ. ಹೀಗೆ ಮಳೆಗಾಲದ ಮೇಲೆ ಮಳೆಗಾಲ ಹೋಯಿತು. ಗುಲಾಬಿ ಬೋಗುಣಿಗೆ ಮೀನು ತುಂಬಿಕೊಳ್ಳುತ್ತಾ "ಈ ವರ್ಷವೂ ಹ್ವಾಪುಕೆ ಇಲ್ಯಾ?" ಎಂದು ಕೇಳುತ್ತಿದ್ದಳು. "ಬಪ್ಪು ವರ್ಷ ಕಾಂಬ" ಎಂದು ಬಚ್ಚಣ್ಣ ಹಗ್ಗ ಸುತ್ತುತ್ತಿದ್ದರು. ನನಗೋ ಮೈಯೆಲ್ಲ ಉರಿ. ನಾಲಿಗೆ ಇದ್ದಿದ್ದರೆ ಇಬ್ಬರನ್ನೂ ಬೈಯುತ್ತಿದ್ದೆ.

ಒಮ್ಮೆ ಮಾತ್ರ ಕೈಗೆ ಬಂದಿತ್ತು. ಆ ವರ್ಷ ಮಳೆ ತಡವಾಯಿತು. ಬಲೆ ಬಿಚ್ಚಿ ಒಣಗಿಸಿಯಾಗಿತ್ತು, ಕಡಲು ಹಾಸಿದ ಚಾಪೆಯಂತಿತ್ತು. ಗುಲಾಬಿ ಮದುವೆಮನೆಗೆ ಉಡುವ ಸೀರೆ ಉಟ್ಟು ದೋಣಿಯಲ್ಲಿ ಕೂತಳು. ಬಚ್ಚಣ್ಣ ಹಗ್ಗ ಎಳೆದರು. ನಾನು ಕೆಮ್ಮಿದೆ. ಮತ್ತೆ ಎಳೆದರು, ಮತ್ತೆ ಕೆಮ್ಮಿದೆ. ಹಿಂದಿನ ದಿನ ಯಾರದೋ ಮನೆಯ ಊಟಕ್ಕೆ ಹೊತ್ತಾಯಿತೆಂದು ಸೀಮೆಎಣ್ಣೆಯಲ್ಲೇ ನನ್ನನ್ನು ನಿಲ್ಲಿಸಿ ಓಡಿದ್ದರು, ಪೆಟ್ರೋಲಿಗೆ ತಿರುಗಿಸಿರಲಿಲ್ಲ. ಭುಜ ಸೋತ ಮೇಲೆ ನನ್ನ ಕಾಲಿಗೊಂದು ಒದ್ದು, "ಇದ್ ಮುದಿ ಆಯ್ತ್, ಹಾಳಾದ್ದ್" ಎಂದರು. ಅವರ ಮರೆವಿಗೆ ಮುಪ್ಪು ನನಗೆ ಬಂತು. ಗುಲಾಬಿ ಸೀರೆ ಎತ್ತಿ ಹಿಡಿದು ಕೆಸರಿಗಿಳಿದಳು. ಮರುದಿನ ಮಳೆ ಹಿಡಿಯಿತು. ಎಷ್ಟು ಸಾವಿರ ಸಲ ಎದ್ದಿದ್ದೆ, ಏಳದ ಆ ಒಂದು ಬೆಳಿಗ್ಗೆಯನ್ನೇ ಊರು ನೆನಪಿಟ್ಟುಕೊಂಡಿತು.

ಅಷ್ಟರಲ್ಲಿ ಹೊಸ ನಿಯಮ ಬಂತು. ಮೀನುಗಾರಿಕೆ ಇಲಾಖೆಯ ಒಬ್ಬ ಅಧಿಕಾರಿ ದಡಕ್ಕೆ ಬಂದು ಮೂಗಿಗೆ ಕರವಸ್ತ್ರ ಹಿಡಿದುಕೊಂಡರು. "ನೋಡಿ ಇವರೇ, ಇಂಥ ಹೊಗೆಗೆ ಇನ್ನು ಪರ್ಮಿಟ್ ಇಲ್ಲ. ಹಳೆಯದನ್ನು ಒಪ್ಪಿಸಿದರೆ ಹೊಸ ಫೋರ್ ಸ್ಟ್ರೋಕ್ ಎಂಜಿನ್ನಿಗೆ ಸಹಾಯಧನ ಸಿಗುತ್ತದೆ."

"ಇದ್ ಕೆಟ್ರೆ ನಾನೇ ಬಿಚ್ಚಿ ಸರಿ ಮಾಡ್ತೆ ಸರ್. ಹೊಸತ್ ಕೆಟ್ರೆ?"

"ಕಂಪ್ಯೂಟರ್ ಹಚ್ಚಿ ನೋಡ್ತಾರೆ."

"ಕಡಲ್ ಮಧ್ಯ ಕಂಪ್ಯೂಟರ್ ಯಾರ್ ತತ್ರ್?"

ಅಧಿಕಾರಿಯೂ ನಕ್ಕರು. ಆದರೆ ನಿಯಮ ನಗಲಿಲ್ಲ.

ಹೊಗೆ ಸುಳ್ಳಲ್ಲ. ನಾನು ನಿಂತಲ್ಲೆಲ್ಲ ನೀರಿನ ಮೇಲೆ ಎಣ್ಣೆಯ ಬಣ್ಣ ಹರಡುತ್ತಿತ್ತು, ಮರಿಮೀನುಗಳು ದೂರ ಸರಿಯುತ್ತಿದ್ದವು. ಅದನ್ನು ನೋಡಿದವನು ನಾನೇ. ಈಗ ಇಲಾಖೆಯ ಶೆಡ್ಡಿನ ಮೂಲೆಯಲ್ಲಿದ್ದೇನೆ. ಮತ್ತೆ ಏಳಬಾರದೆಂದು ಹೊಟ್ಟೆಗೆ ತೂತು ಕೊರೆದಿದ್ದಾರೆ. ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಆಣೆ ತೀರದೆ ಹೋಗಬೇಕಲ್ಲಾ ಎಂಬುದೊಂದೇ ಆಗ ನನ್ನನ್ನು ಸುಡುತ್ತಿತ್ತು.

ನನ್ನನ್ನು ಒಪ್ಪಿಸುವ ಹಿಂದಿನ ದಿನ, ಊಟದ ನಂತರ, ಗುಲಾಬಿ ದೋಣಿಯ ಹತ್ತಿರ ಬಂದಳು. ಕೈಯಲ್ಲೊಂದು ಕ್ಯಾನಿತ್ತು.

"ಬಲಿ ಎಲ್ಲಿತ್ತ್?"

"ಮನಿ ಜಗಲಿ ಮೇಲ್. ಹೊಸ ಮಿಶಿನ್ ಬಪ್ಪಲ್ಲಿವರಿಗೆ ಬಲಿ ದೋಣಿಗೆ ಹಾಕಿ ಎಂತ ಮಾಡುದ್?"

"ಕಡಲ್ ಹ್ಯಾಂಗಿತ್ತ್?"

"ತಣ್ಣಗಿತ್ತ್."

"ಮತ್ತೆಂತ?"

ಬಚ್ಚಣ್ಣ ತಲೆ ಕೆರೆದುಕೊಂಡರು. "ಸೀಮೆಎಣ್ಣೆ ಇಲ್ಲ ಮಾರಾಯ್ತಿ. ಪರ್ಮಿಟ್ ಕಾರ್ಡ್ ಬಂದ್ ಮಾಡಿರ್."

"ಬೇಡ. ಪೆಟ್ರೋಲ್ ತಂದಿದ್ದೆ, ಆಯಿಲ್ ನೀವ್ ಬೆರ್ಸಿ. ನಂಗಿವತ್ತ್ ನೆವ ಹೇಳ್ಬೇಡಿ."

ತಿರುಗಿಸಲು ಮರೆಯುವುದಕ್ಕೆ ಸೀಮೆಎಣ್ಣೆಯೇ ಇಲ್ಲದ ದಿನ ನನಗೆ ಮೊದಲ ಬಾರಿ ಸಿಕ್ಕಿತ್ತು. ಗುಲಾಬಿ ತನ್ನ ಅಲ್ಯೂಮಿನಿಯಂ ಬೋಗುಣಿಯನ್ನು ನಾದಿನಿ ಲಚ್ಚಿಯ ಕೈಗೆ ಕೊಟ್ಟು, "ಹೊನ್ನೆ ಮರದ ಅಡಿ ನಿಂತ್ಕೊ, ನಾ ನಿಂತಂಗೆ" ಎಂದಳು. ಆಮೇಲೆ ಹಗ್ಗ ಎಳೆದಳು. ಒಂದೇ ಏಟು. ನಾನು ಎದ್ದೆ.

ಅಳಿವೆಯ ತೆರೆ ದಾಟಿದೆವು. ಬಿಸಿಲು ಪಡುವಣಕ್ಕೆ ವಾಲಿ ದಡದ ಮೇಲೆ ಬೀಳುತ್ತಿತ್ತು. ದಿನಾ ಬಲೆ ಬಿಡುವ ಜಾಗಕ್ಕೆ ಬಂದಾಗ ಬಚ್ಚಣ್ಣ ನನ್ನ ಓಟ ತಗ್ಗಿಸಿದರು. ಗುಲಾಬಿ ಹಿಂದೆ ತಿರುಗಿ ಹಣೆಗೆ ಕೈ ಅಡ್ಡ ಹಿಡಿದಳು. ಹೊನ್ನೆ ಮರ ಸಾಸಿವೆ ಕಾಳಿನಷ್ಟಿತ್ತು.

"ಲಚ್ಚಿ ಎಲ್ಲಿತ್ತ್? ಒಂದ್ ಜನವೂ ಕಾಂತಿಲ್ಲ. ಇಷ್ಟ್ ವರ್ಷ ಸುಳ್ಳೇ ಹೇಳಿದ್ರಿ."

"ಸ್ವಲ್ಪ ತಡಿ."

ದೋಣಿ ಒಮ್ಮೆ ತೂಗಿತು. ಮರದ ಬುಡದಲ್ಲಿ ಏನೋ ಮಿಂಚಿ ಆರಿತು, ಮತ್ತೆ ಮಿಂಚಿತು. ಲಚ್ಚಿ ಕೈ ಬದಲಾಯಿಸುತ್ತಿದ್ದಿರಬೇಕು.

"ಅದ್ ಬೋಗುಣಿ," ಎಂದಳು ಗುಲಾಬಿ. "ನಾನಲ್ಲ."

"ಬೋಗುಣಿ ತನ್ನಷ್ಟಕ್ಕೇ ಬಂದ್ ನಿಂತಿತಾ?"

ಅವಳು ದೋಣಿಯಂಚಿಗೆ ಸರಿದಳು. ಆ ಹೊಳಪನ್ನೇ ನೋಡುತ್ತಾ ಕೂತಳು. "ನಾ ಹೀಂಗೆ ಕಾಂಬುದಾ," ಎಂದಳು, ತನಗೆ ತಾನೇ. ಆಮೇಲೆ ಕೈ ಚಾಚಿ ನನ್ನ ಬಿಸಿ ತಲೆಯನ್ನು ಮುಟ್ಟಿದಳು. ಇಷ್ಟು ವರ್ಷದಲ್ಲಿ ಬೈಗುಳ ಕೇಳಿದ್ದೆನೇ ಹೊರತು ನನ್ನೊಡನೆ ಯಾರೂ ಮಾತಾಡಿರಲಿಲ್ಲ.

"ಒಂದ್ ಗಳಿಗೆ ಸುಮ್ನಿರ್ ಮಾರಾಯ," ಎಂದು ನನ್ನನ್ನು ನಿಲ್ಲಿಸುವ ಗುಂಡಿ ಒತ್ತಿದಳು.

ನಾನು ಸುಮ್ಮನಾದೆ.